ಕಂಪೈಲರ್ ಹಿಡಿಯದ ತಪ್ಪುಗಳು

ಒಂದು ಸೆಮಿಕೋಲನ್ ಬಿಟ್ಟು ನೋಡಿ, ಕಂಪೈಲರ್ ಮೂರು ಸಾಲು ಬೈಯುತ್ತೆ. ವೇರಿಯಬಲ್ ಹೆಸರಲ್ಲಿ ಒಂದಕ್ಷರ ಆಚೀಚೆ ಆದ್ರೂ ಬೈಯುತ್ತೆ. ಆದರೆ ಅದೇ ಪ್ರೋಗ್ರಾಂನ ಕಾಮೆಂಟಿನಲ್ಲಿ ಹತ್ತು ತಪ್ಪು ಇದ್ದರೂ ಅದು ತುಟಿ ಪಿಟಕ್ ಅನ್ನಲ್ಲ. ಔಟ್‌ಪುಟ್ ಬಂತು, ಲ್ಯಾಬ್ ರೆಕಾರ್ಡಿಗೆ ಸೈನ್ ಆಯ್ತು, ಮುಗೀತು. ಅದಕ್ಕೇ ನಮ್ಮಲ್ಲಿ ಬಹಳ ಜನ "ಕಾಮೆಂಟ್ ತಾನೇ, ಯಾರು ನೋಡ್ತಾರೆ" ಅಂದುಕೊಂಡಿರ್ತೀವಿ.

ಈ ಸಲದ ಪಾಠ ಅದರ ಬಗ್ಗೆಯೇ. ಸೋರ್ಸ್ ಕೋಡಿನ ಕಾಮೆಂಟಿನಲ್ಲಿ ಕಾಗುಣಿತ ಯಾಕೆ ಮುಖ್ಯ, ಎಲ್ಲಿ ತಿದ್ದಬಹುದು, ಎಲ್ಲಿ ತಿದ್ದಬಾರದು, ತಿದ್ದಿದ್ದನ್ನು ಬೇರೆಯವರ ಪ್ರಾಜೆಕ್ಟಿಗೆ ಕಳಿಸುವುದು ಹೇಗೆ, ಕನ್ನಡದಲ್ಲೇ ಕಾಮೆಂಟ್ ಬರೆದರೆ ಏನೇನು ನೋಡಿಕೊಳ್ಳಬೇಕು, ಇವಿಷ್ಟನ್ನು ಒಂದೊಂದಾಗಿ ನೋಡೋಣ.

ಕಾಮೆಂಟ್ ಓದೋರು ಯಾರು?

ಮೊದಲನೆಯವರು ಮನುಷ್ಯರು. ಆರು ತಿಂಗಳಾದ ಮೇಲೆ ಅದೇ ಕೋಡನ್ನು ತೆರೆಯುವ ನಾವು, ನಮ್ಮ ಪ್ರಾಜೆಕ್ಟನ್ನು ಮುಂದುವರಿಸುವ ಜೂನಿಯರ್‌ಗಳು, ವೈವಾದಲ್ಲಿ ಪ್ರಶ್ನೆ ಕೇಳುವ ಮೇಷ್ಟ್ರು. ಮನುಷ್ಯರಿಗೆ ಸಣ್ಣ ತಪ್ಪು ಅಷ್ಟು ತೊಂದರೆ ಕೊಡಲ್ಲ. ಅಂದಾಜಿನ ಮೇಲೆ ಓದಿಕೊಂಡು ಹೋಗ್ತೀವಿ.

ಎರಡನೆಯ ಓದುಗ ಹುಡುಕುವ ಸಾಧನ. ಗ್ರೆಪ್ ಆಗಲಿ, ಎಡಿಟರಿನ ಫೈಂಡ್ ಆಗಲಿ, ಅವಕ್ಕೆ ಅಂದಾಜು ಗೊತ್ತಿಲ್ಲ. ಕೇಳಿದ ಅಕ್ಷರಗಳು ಕೇಳಿದ ಕ್ರಮದಲ್ಲಿ ಇದ್ದರೆ ಸಿಗುತ್ತೆ, ಇಲ್ಲದಿದ್ದರೆ ಇಲ್ಲ.

ನಮ್ಮ ಏರಿಯಾದ ಹೆಸರನ್ನೇ ತಗೊಳ್ಳಿ. ಸರಿಯಾದ ರೂಪ ಸುಬ್ರಹ್ಮಣ್ಯಪುರ. 'ಹ'ಗೆ 'ಮ' ಒತ್ತು. ಆದರೆ ಬಾಯಲ್ಲಿ ನಾವು 'ಬ್ರಮ್ಹ' ಅಂತೀವಿ, ಅವಸರದಲ್ಲಿ 'ಹ' ಹಾರಿಯೇ ಹೋಗುತ್ತೆ. ಹಾಗಾಗಿ ಬರೆಯುವಾಗ ಸುಬ್ರಮಣ್ಯಪುರ, ಸುಬ್ರಮ್ಹಣ್ಯಪುರ ಅಂತೆಲ್ಲ ಬರುತ್ತೆ. ಇಂಗ್ಲಿಷ್‌ನಲ್ಲಿ 'ಎಚ್' ಹಾಕೋರೂ ಇದ್ದಾರೆ, ಬಿಡೋರೂ ಇದ್ದಾರೆ. ಉತ್ತರಹಳ್ಳಿ ಕಡೆಯಿಂದ ಆಟೋದಲ್ಲಿ ಬರೋರಿಗೆ ಇದರಿಂದ ದಾರಿ ತಪ್ಪಲ್ಲ. ಆದರೆ ವಿಳಾಸಗಳಿರುವ ಒಂದು ಕಡತದಲ್ಲಿ 'ಸುಬ್ರಹ್ಮಣ್ಯಪುರ' ಅಂತ ಹುಡುಕಿದರೆ 'ಹ' ಇಲ್ಲದ ಮನೆಗಳೆಲ್ಲ ಮಾಯ. ಎರರ್ ಕೂಡ ಬರಲ್ಲ. ಇದ್ದದ್ದು ಇಲ್ಲ ಅನ್ನೋ ಹಾಗೆ ಕಾಣುತ್ತೆ, ನಾವು ನಂಬಿಬಿಡ್ತೀವಿ.

ಕೋಡಿನಲ್ಲೂ ಇದೇ ಕಥೆ. ಇಂಗ್ಲಿಷಿನ 'ರಿಸೀವ್' ಪದದಲ್ಲಿ 'ಇ' ಮತ್ತು 'ಐ' ಅದಲುಬದಲಾಗುವುದು, 'ಸೆಪರೇಟ್' ಪದದಲ್ಲಿ 'ಪಿ' ಆದಮೇಲೆ 'ಎ' ಬದಲು 'ಇ' ಬರುವುದು, 'ಅಕರ್ಡ್' ಪದದಲ್ಲಿ ಎರಡು 'ಆರ್' ಬದಲು ಒಂದೇ ಇರುವುದು, 'ಲೆಂತ್' ಪದದ ಕೊನೆಯಲ್ಲಿ 'ಟಿ' ಮತ್ತು 'ಎಚ್' ಜಾಗ ಬದಲಾಯಿಸುವುದು, ಇವು ಪ್ರಪಂಚದ ಎಲ್ಲ ಕೋಡಿನಲ್ಲೂ ಸಿಗುವ ಮಾಮೂಲಿ ತಪ್ಪುಗಳು. "ಬಫರ್ ಲೆಂತ್ ಬಗ್ಗೆ ಎಲ್ಲೆಲ್ಲಿ ಎಚ್ಚರಿಕೆ ಬರೆದಿದ್ದಾರೆ" ಅಂತ ಹುಡುಕುವಾಗ ಅಕ್ಷರ ತಪ್ಪಿದ ಎಚ್ಚರಿಕೆ ಕಣ್ಣಿಗೆ ಬೀಳಲ್ಲ. ಅಲ್ಲಿ ಬರೆದದ್ದೂ ಒಂದೇ, ಬರೆಯದೇ ಬಿಟ್ಟಿದ್ದೂ ಒಂದೇ.

ಲಿನಕ್ಸ್ ಕರ್ನೆಲ್‌ನವರು ಇದನ್ನು ಎಂದೋ ಕಂಡುಕೊಂಡಿದ್ದರು. ಪ್ಯಾಚ್ ಕಳಿಸುವುದು ಹೇಗೆ ಅಂತ ವಿವರಿಸುವ ಅವರ ದಾಖಲೆಯಲ್ಲಿ 'ಚಿಕ್ಕಪುಟ್ಟ ಪ್ಯಾಚ್‌ಗಳು' ಅನ್ನುವ ಒಂದು ಪಟ್ಟಿ ಹಲವು ವರ್ಷ ಇತ್ತು. ದಾಖಲೆಗಳ ಕಾಗುಣಿತ ತಿದ್ದುಪಡಿಯ ಜೊತೆಗೆ, ಗ್ರೆಪ್ ಮಾಡಿದರೆ ಸಿಗದ ಹಾಗೆ ಮಾಡುವ ಕಾಗುಣಿತ ತಪ್ಪುಗಳನ್ನು ತಿದ್ದುವ ಪ್ಯಾಚ್‌ಗಳಿಗೂ ಅದರಲ್ಲಿ ಜಾಗ ಇತ್ತು. ಅವರ ಕಾರಣ ಗಮನಿಸಿ. ನೋಡೋಕೆ ಚೆನ್ನಾಗಿರಲಿ ಅಂತಲ್ಲ, ಹುಡುಕಿದರೆ ಸಿಗಲಿ ಅಂತ.

ತಿದ್ದಲಾಗದ ತಪ್ಪು: ೞ ಕಥೆ

"ಆಮೇಲೆ ತಿದ್ದಿದರಾಯ್ತು" ಅನ್ನೋರಿಗೆ ಕನ್ನಡದ್ದೇ ಒಂದು ಉದಾಹರಣೆ ಇದೆ.

ಹಳಗನ್ನಡದಲ್ಲಿ 'ೞ' ಅನ್ನುವ ಅಕ್ಷರ ಇತ್ತು. ತಮಿಳರು 'ತಮಿಳು' ಅನ್ನುವಾಗ ಕೊನೆಗೆ ಬರುವ ಧ್ವನಿ ಇದೆಯಲ್ಲ, ಅದೇ ಜಾತಿಯದು. ಇವತ್ತಿನ 'ಏಳು' ಆಗ 'ಏೞು', 'ಬಾಳೆ' ಆಗ 'ಬಾೞೆ', 'ಕತ್ತೆ' ಆಗ 'ಕೞ್ತೆ'. ಕಾಲ ಕಳೆದಂತೆ ಈ ಧ್ವನಿ 'ಳ' ಜೊತೆ ಬೆರೆತುಹೋಯಿತು. 13ನೇ ಶತಮಾನದ ಕೇಶಿರಾಜ ತನ್ನ 'ಶಬ್ದಮಣಿದರ್ಪಣ'ದಲ್ಲಿ ಈ ಅಕ್ಷರದ ಬಗ್ಗೆ ವಿವರವಾಗಿ ಬರೆದು, ಅದು ಬರುವ ಪದಗಳನ್ನೇ ಎಣಿಸಿ ಹೇಳಿದ್ದಾನೆ.

ಅಂಥ ಅಕ್ಷರ ಯೂನಿಕೋಡಿಗೂ ಬಂತು. ಯೂನಿಕೋಡ್‌ನಲ್ಲಿ ಪ್ರತಿ ಅಕ್ಷರಕ್ಕೂ ಒಂದು ಸಂಖ್ಯೆ, ಜೊತೆಗೆ ಇಂಗ್ಲಿಷ್‌ನಲ್ಲಿ ಒಂದು ಅಧಿಕೃತ ಹೆಸರು ಇರುತ್ತೆ. ೞ ಸಂಖ್ಯೆ ದಶಮಾನದಲ್ಲಿ 3294. ಅದರ ಹೆಸರು ಏನು ಗೊತ್ತಾ? 'ಕನ್ನಡ ಲೆಟರ್ ಫಾ'. ಹೌದು, ಫಾ! ಈ ಅಕ್ಷರಕ್ಕೂ 'ಫ'ಗೂ ಯಾವ ಸಂಬಂಧವೂ ಇಲ್ಲ. ದೇವನಾಗರಿಯ ಪಟ್ಟಿಯನ್ನು ಪಕ್ಕದಲ್ಲಿಟ್ಟು ನೋಡಿದರೆ, ಅಲ್ಲಿ ಇದೇ ಸ್ಥಾನದಲ್ಲಿ ಹಿಂದಿ-ಉರ್ದುವಿನ ಫಾ ಅಕ್ಷರ ಕೂತಿದೆ.

ಹಾಗಾದ್ರೆ ತಿದ್ದಬಹುದಲ್ವಾ? ಆಗಲ್ಲ. ಒಮ್ಮೆ ಕೊಟ್ಟ ಹೆಸರನ್ನು ಯಾವ ಕಾರಣಕ್ಕೂ ಬದಲಾಯಿಸಬಾರದು ಅನ್ನೋದು 1996ರ ಯೂನಿಕೋಡ್ 2.0ರಿಂದ ಇರುವ ನಿಯಮ. ಪ್ರಪಂಚದ ಎಷ್ಟೋ ಪ್ರೋಗ್ರಾಂಗಳು ಆ ಹೆಸರುಗಳನ್ನು ನೆಚ್ಚಿಕೊಂಡಿರ್ತವೆ. ಹೆಸರು ಬದಲಾದರೆ ಅವು ಮುರಿದುಬೀಳ್ತವೆ. ಹಾಗಾಗಿ ತಪ್ಪು ಹೆಸರು ಹಾಗೇ ಉಳಿಯಿತು, ಅದರ ಪಕ್ಕದಲ್ಲಿ 'ಕನ್ನಡ ಲೆಟರ್ ಳ್ಳ' ಅನ್ನೋ ಅರ್ಥದ ಒಂದು ತಿದ್ದುಪಡಿ ಹೆಸರನ್ನು ಅಂಟಿಸಿದರು. ಆ ಹೆಸರನ್ನು ಇಂಗ್ಲಿಷ್‌ನಲ್ಲಿ ಬರೆಯುವುದು ಮೂರು 'ಎಲ್', ಒಂದು 'ಎ' ಹಾಕಿ.

ನಂಬಿಕೆ ಬರದಿದ್ದರೆ ಪೈಥಾನ್ ತೆರೆಯಿರಿ. 'ಯೂನಿಕೋಡ್‌ಡೇಟಾ' ಮಾಡ್ಯೂಲಿನ 'ನೇಮ್' ಫಂಕ್ಷನ್ನಿಗೆ 3294ನೇ ಅಕ್ಷರ ಕೊಡಿ, ಇವತ್ತಿಗೂ 'ಫಾ' ಅಂತಲೇ ಉತ್ತರ ಬರುತ್ತೆ. ಅದೇ ಮಾಡ್ಯೂಲಿನ 'ಲುಕಪ್' ಫಂಕ್ಷನ್ನಿಗೆ ಮೂರು 'ಎಲ್' ಇರುವ ಹೆಸರು ಕೊಟ್ಟರೂ ಸರಿಯಾಗಿ ೞ ಸಿಗುತ್ತೆ. ಈ ಹೆಸರನ್ನೇ ನಂಬಿ ಯಾರಾದರೂ ಲಿಪ್ಯಂತರದ ಪ್ರೋಗ್ರಾಂ ಬರೆದರೆ ಹಳಗನ್ನಡದ 'ಏೞು' ಹೋಗಿ 'ಏಫು' ಆಗುತ್ತೆ!

ಇಂಥದ್ದು ಇದೊಂದೇ ಅಲ್ಲ. ಯೂನಿಕೋಡ್‌ನ 65048ನೇ ಅಕ್ಷರ ಒಂದು ಜಾತಿಯ ಬ್ರ್ಯಾಕೆಟ್ ಚಿಹ್ನೆ. ಅದರ ಅಧಿಕೃತ ಹೆಸರಿನಲ್ಲಿ 'ಬ್ರ್ಯಾಕೆಟ್' ಪದದ 'ಸಿ' ಮತ್ತು 'ಕೆ' ಅದಲುಬದಲಾಗಿವೆ. ಬರೀ ಟೈಪಿಂಗ್ ತಪ್ಪು, ಆದರೆ ಶಾಶ್ವತ. ನಾವು ವೆಬ್ ಪ್ರೋಗ್ರಾಮಿಂಗ್‌ನಲ್ಲಿ ಓದುವ ಎಚ್‌ಟಿಟಿಪಿಯಲ್ಲಿ, ನೀವು ಯಾವ ಪುಟದಿಂದ ಬಂದಿರಿ ಅಂತ ಹೇಳುವ 'ರೆಫರರ್' ಹೆಡರ್ ಇದೆ. ಕನ್ನಡದಲ್ಲಿ ಬರೆದರೆ ಏನೂ ಗೊತ್ತಾಗಲ್ಲ, ಇಂಗ್ಲಿಷ್‌ನಲ್ಲಿ ಅದಕ್ಕೆ ಒಂದು 'ಆರ್' ಕಮ್ಮಿ. 1996ರ ಮೇ ತಿಂಗಳ ಎಚ್‌ಟಿಟಿಪಿ 1.0 ದಾಖಲೆಯಲ್ಲಿ ಹಾಗೇ ಅಚ್ಚಾಯಿತು, ಇವತ್ತಿಗೂ ಹಾಗೇ ಇದೆ. ಆಮೇಲೆ ಬಂದ 'ರೆಫರರ್ ಪಾಲಿಸಿ' ಹೆಡರಿನಲ್ಲಿ ಮಾತ್ರ ಕಾಗುಣಿತ ಸರಿ ಇದೆ. ಹೀಗಾಗಿ ಒಂದೇ ಪದವನ್ನು ಎರಡು ಥರ ನೆನಪಿಟ್ಟುಕೊಳ್ಳುವ ಕರ್ಮ ಪ್ರತಿ ವೆಬ್ ಡೆವಲಪರ್‌ಗೂ ಅಂಟಿಕೊಂಡಿದೆ. ಯುನಿಕ್ಸ್‌ನಲ್ಲಿ ಕಡತ ಸೃಷ್ಟಿಸುವ 'ಕ್ರಿಯೇಟ್' ಸಿಸ್ಟಂ ಕಾಲ್‌ಗೂ ಕೊನೆಯ 'ಇ' ಇಲ್ಲ. ಯುನಿಕ್ಸನ್ನು ಮತ್ತೆ ಕಟ್ಟೋದಾದರೆ ಏನು ಬದಲಾಯಿಸ್ತೀರಿ ಅಂತ ಕೆನ್ ಥಾಂಪ್ಸನ್ ಅವರನ್ನು ಕೇಳಿದಾಗ, ಆ ಪದಕ್ಕೆ 'ಇ' ಸೇರಿಸ್ತೀನಿ ಅಂದಿದ್ದರಂತೆ.

ಈ ನಾಲ್ಕೂ ಕಥೆಗಳ ತಿರುಳು ಒಂದೇ. ತಪ್ಪು ಹುಟ್ಟಿದ ದಿನ ಅದನ್ನು ತಿದ್ದೋಕೆ ಒಂದು ಬ್ಯಾಕ್‌ಸ್ಪೇಸ್ ಸಾಕು. ಬೇರೆಯವರು ಅದನ್ನು ನೆಚ್ಚಿಕೊಂಡ ಮೇಲೆ ಅದೇ ತಪ್ಪು ನಿಯಮ ಆಗಿಬಿಡುತ್ತೆ. ಕಾಮೆಂಟಿನ ತಪ್ಪು ಇನ್ನೂ ಮೊದಲನೇ ಹಂತದಲ್ಲೇ ಇರುತ್ತೆ ಅನ್ನೋದು ನಮ್ಮ ಪುಣ್ಯ. ಆದರೆ ಎಷ್ಟೋ ಸಲ ಇವತ್ತಿನ ಕಾಮೆಂಟಿನಲ್ಲಿರುವ ಪದವೇ ನಾಳೆ ಫಂಕ್ಷನ್ನಿನ ಹೆಸರಾಗುತ್ತೆ, ನಾಡಿದ್ದು ಡೇಟಾಬೇಸಿನ ಕಾಲಂ ಆಗುತ್ತೆ. ಅಲ್ಲಿಗೆ ಹೋಗೋ ಮುಂಚೆ ಹಿಡೀಬೇಕು.

ಎಲ್ಲಿ ತಿದ್ದಬಹುದು, ಎಲ್ಲಿ ಕೈ ಇಡಬಾರದು

ತಪ್ಪು ಕಂಡ ತಕ್ಷಣ ತಿದ್ದೋ ಉತ್ಸಾಹ ಒಳ್ಳೇದೇ. ಆದರೆ ಆ ಪದ ಕೋಡಿನ ಯಾವ ಭಾಗದಲ್ಲಿದೆ ಅಂತ ಮೊದಲು ನೋಡಿ.

1. ಸಾಮಾನ್ಯ ಕಾಮೆಂಟ್. ಧೈರ್ಯವಾಗಿ ತಿದ್ದಬಹುದು. ಪ್ರೋಗ್ರಾಂನ ನಡವಳಿಕೆ ಬದಲಾಗಲ್ಲ.

2. ಡಾಕ್‌ಸ್ಟ್ರಿಂಗ್. ಪೈಥಾನಿನಲ್ಲಿ ಇದು ನೋಡೋಕೆ ಕಾಮೆಂಟ್ ಥರ ಇದ್ದರೂ ನಿಜವಾಗಿ ಸ್ಟ್ರಿಂಗ್. ಕೆಲವು ಪ್ರಾಜೆಕ್ಟುಗಳು ಡಾಕ್‌ಸ್ಟ್ರಿಂಗಿನ ಒಳಗೇ ಟೆಸ್ಟ್ ಬರೆದಿರ್ತವೆ. ತಿದ್ದಿದ ಮೇಲೆ ಟೆಸ್ಟ್ ಓಡಿಸಿ ನೋಡಬೇಕು.

3. ಯಂತ್ರ ಓದುವ ಕಾಮೆಂಟ್. "ಕಾಮೆಂಟನ್ನು ಕಂಪೈಲರ್ ಓದಲ್ಲ" ಅನ್ನೋ ಮಾತು ನೂರಕ್ಕೆ ನೂರು ನಿಜ ಅಲ್ಲ. ಸ್ವಿಚ್ ಕೇಸಿನಲ್ಲಿ ಬ್ರೇಕ್ ಇಲ್ಲದಿದ್ದರೆ ಜಿಸಿಸಿಯ ಒಂದು ವಾರ್ನಿಂಗ್ ಎಚ್ಚರಿಸುತ್ತೆ. ಬೇಕಂತಲೇ ಬಿಟ್ಟಿದ್ದೇವೆ ಅಂತ ಹೇಳೋಕೆ 'ಫಾಲ್ ಥ್ರೂ' ಅಂತ ಕಾಮೆಂಟ್ ಹಾಕಿದರೆ ಅದು ಸುಮ್ಮನಾಗುತ್ತೆ. ಪೈಥಾನಿನಲ್ಲಿ 'ನೋ ಕ್ಯೂಎ', 'ಟೈಪ್ ಇಗ್ನೋರ್' ಅನ್ನೋ ಕಾಮೆಂಟುಗಳು ಪರೀಕ್ಷಕ ಸಾಧನಗಳಿಗೆ ಕೊಡುವ ಆಜ್ಞೆಗಳು. ಗೋ ಭಾಷೆಯಲ್ಲಿ ಯಾವ ಕಡತ ಬಿಲ್ಡ್ ಆಗಬೇಕು ಅನ್ನೋದನ್ನೂ ಕಾಮೆಂಟೇ ತೀರ್ಮಾನಿಸುತ್ತೆ. ಇಲ್ಲಿ ಕಾಗುಣಿತ ವಿಚಿತ್ರವಾಗಿ ಕಂಡರೂ ಅದು ತಪ್ಪಲ್ಲ, ಪಾಸ್‌ವರ್ಡ್ ಇದ್ದ ಹಾಗೆ.

4. ಬಳಕೆದಾರರಿಗೆ ಕಾಣುವ ಸ್ಟ್ರಿಂಗ್. ಎರರ್ ಮೆಸೇಜಿನ ತಪ್ಪು ತಿದ್ದೋದು ಒಳ್ಳೇದು. ಆದರೆ ಬೇರೆ ಯಾವುದಾದರೂ ಸ್ಕ್ರಿಪ್ಟ್ ಅದೇ ತಪ್ಪು ಪದವನ್ನು ಹುಡುಕ್ತಾ ಕೂತಿರಬಹುದು. ಮೊದಲು ಇಡೀ ರೆಪೊದಲ್ಲಿ ಗ್ರೆಪ್ ಮಾಡಿ.

5. ವೇರಿಯಬಲ್, ಫಂಕ್ಷನ್, ಎಪಿಐ ಹೆಸರು. ಒಂದೇ ಫಂಕ್ಷನ್ನಿನ ಒಳಗಿನ ವೇರಿಯಬಲ್ ಆದರೆ ಪರವಾಗಿಲ್ಲ. ಹೊರಗಿನವರು ಬಳಸುವ ಹೆಸರಾದರೆ ೞ ಕಥೆ ನೆನಪಿರಲಿ. ಹಳೇ ಹೆಸರು ಇರಲಿ, ಸರಿಯಾದ ಹೆಸರನ್ನು ಪಕ್ಕದಲ್ಲಿ ಸೇರಿಸಿ.

6. ಲೈಸನ್ಸ್ ಪಠ್ಯ ಮತ್ತು ಬೇರೆ ಪ್ರಾಜೆಕ್ಟಿನಿಂದ ತಂದಿಟ್ಟ ಕಡತಗಳು. ಮುಟ್ಟಲೇಬೇಡಿ. ತಿದ್ದಬೇಕಿದ್ದರೆ ಮೂಲ ಪ್ರಾಜೆಕ್ಟಿಗೆ ಹೋಗಿ ತಿದ್ದಬೇಕು.

ಇನ್ನೊಂದು ಮಾತು. ಬ್ರಿಟಿಷ್ ಮತ್ತು ಅಮೆರಿಕನ್ ಕಾಗುಣಿತ ಬೇರೆ ಬೇರೆ. ನಮ್ಮ ಶಾಲೆಗಳಲ್ಲಿ 'ಕಲರ್' ಪದಕ್ಕೆ 'ಯು' ಹಾಕೋದನ್ನು ಕಲಿಸ್ತಾರೆ, ಸಿಎಸ್‌ಎಸ್ ಬರೆಯುವಾಗ 'ಯು' ಹಾಕಿದರೆ ನಡೆಯಲ್ಲ. ಕಾಮೆಂಟಿನಲ್ಲಿ ಯಾವುದಿದ್ದರೂ ಅದು ತಪ್ಪಲ್ಲ. ಇದನ್ನು ಅದಕ್ಕೆ, ಅದನ್ನು ಇದಕ್ಕೆ ಬದಲಾಯಿಸುವ ಕಮಿಟ್ ಕಳಿಸಬೇಡಿ.

ಹುಡುಕೋದು ಹೇಗೆ

ಕಣ್ಣಲ್ಲೇ ಹುಡುಕ್ತೀನಿ ಅಂದ್ರೆ ಮುಗಿಯಲ್ಲ. 'ಕೋಡ್‌ಸ್ಪೆಲ್' ಅನ್ನೋ ಪುಟ್ಟ ಸಾಧನ ಇದೆ, ಪಿಪ್ ಮೂಲಕ ಹಾಕಿಕೊಳ್ಳಬಹುದು. ಇದರ ಉಪಾಯ ಚೆನ್ನಾಗಿದೆ. ಮಾಮೂಲಿ ಸ್ಪೆಲ್‌ಚೆಕರ್ ಸರಿಯಾದ ಪದಗಳ ನಿಘಂಟು ಇಟ್ಟುಕೊಂಡು ಅದರಲ್ಲಿ ಇಲ್ಲದ್ದೆಲ್ಲ ತಪ್ಪು ಅನ್ನುತ್ತೆ. ಕೋಡಿನಲ್ಲಿ ಅದು ನಡೆಯಲ್ಲ, ಯಾಕಂದ್ರೆ ನಮ್ಮ ವೇರಿಯಬಲ್ ಹೆಸರುಗಳು ಯಾವ ನಿಘಂಟಿನಲ್ಲೂ ಇಲ್ಲ. ಪರದೆ ತುಂಬ ಕೆಂಪು ಗೆರೆ ಬರುತ್ತೆ. ಕೋಡ್‌ಸ್ಪೆಲ್ ಇದನ್ನು ತಿರುಗಿಸಿ ಮಾಡುತ್ತೆ. ಜನ ಸಾಮಾನ್ಯವಾಗಿ ಮಾಡುವ ತಪ್ಪುಗಳ ಪಟ್ಟಿಯನ್ನೇ ಇಟ್ಟುಕೊಂಡಿರುತ್ತೆ. ಪಟ್ಟಿಯಲ್ಲಿರುವ ತಪ್ಪು ಕಂಡರೆ ಮಾತ್ರ ಬಾಯಿ ಬಿಡುತ್ತೆ.

ಲಿನಕ್ಸ್ ಕರ್ನೆಲ್ ಒಳಗೂ ಇಂಥದ್ದೇ ಒಂದು ಪಟ್ಟಿ ಇದೆ. 'ಸ್ಕ್ರಿಪ್ಟ್ಸ್' ಫೋಲ್ಡರಿನ 'ಸ್ಪೆಲ್ಲಿಂಗ್' ಕಡತ. ಪ್ರತಿ ಸಾಲಿನಲ್ಲಿ ತಪ್ಪು ರೂಪ, ಎರಡು ಪೈಪ್ ಚಿಹ್ನೆ, ಆಮೇಲೆ ಸರಿ ರೂಪ. ಡೆಬಿಯನ್‌ನವರ ಪಟ್ಟಿಯಿಂದ ಶುರುವಾಗಿ, ಕರ್ನೆಲ್‌ನಲ್ಲೇ ಸಿಕ್ಕ ತಪ್ಪುಗಳು ಸೇರ್ತಾ ಬೆಳೆದಿದೆ. ಪ್ಯಾಚ್ ಕಳಿಸೋ ಮುಂಚೆ ಓಡಿಸುವ 'ಚೆಕ್‌ಪ್ಯಾಚ್' ಸ್ಕ್ರಿಪ್ಟ್ ಇದನ್ನು ಓದಿಕೊಂಡು ಎಚ್ಚರಿಸುತ್ತೆ. ಯೋಚಿಸಿ ನೋಡಿದರೆ ಕೇಶಿರಾಜ ೞ ಬರುವ ಪದಗಳನ್ನು ಎಣಿಸಿದ್ದರ ಹಿಂದೆಯೂ ಇಂಥದ್ದೇ ಯೋಚನೆ ಇದೆ. ಬರೀ ನಿಯಮದಿಂದ ಹಿಡಿಯೋಕೆ ಆಗದ ಕಡೆ ಪಟ್ಟಿ ಕೆಲಸಕ್ಕೆ ಬರುತ್ತೆ.

ಕೋಡ್‌ಸ್ಪೆಲ್‌ನಲ್ಲಿ ತಾನೇ ತಿದ್ದಿ ಬರೆಯುವ ಆಯ್ಕೆಯೂ ಇದೆ. ಮೊದಲ ಸಲವೇ ಅದನ್ನು ಒತ್ತಬೇಡಿ. ಅದಕ್ಕೆ ಕಾಮೆಂಟು, ಸ್ಟ್ರಿಂಗು, ಹೆಸರು ಅನ್ನೋ ಭೇದ ಇಲ್ಲ, ಎಲ್ಲವನ್ನೂ ಒಂದೇ ಸಮನೆ ತಿದ್ದುತ್ತೆ. ಬರೀ ಪಟ್ಟಿ ನೋಡಿ, ಒಂದೊಂದಾಗಿ ಒಪ್ಪಿಕೊಂಡು ಹೋಗಿ.

ಪಟ್ಟಿ ಹಿಡಿಯದ ತಪ್ಪು ಇನ್ನೂ ಅಪಾಯ. 'ಇದು ಥ್ರೆಡ್ ಸೇಫ್ ಅಲ್ಲ' ಅಂತ ಬರೆಯುವಾಗ ಇಂಗ್ಲಿಷಿನ 'ನಾಟ್' ಹೋಗಿ 'ನೌ' ಆದರೆ ಒಂದಕ್ಷರದ ವ್ಯತ್ಯಾಸದಲ್ಲಿ ಅರ್ಥ ಪೂರ್ತಿ ಉಲ್ಟಾ. ಎರಡೂ ಸರಿಯಾದ ಪದಗಳೇ ಆಗಿರೋದರಿಂದ ಯಾವ ಸಾಧನವೂ ಹಿಡಿಯಲ್ಲ. ಅದಕ್ಕೆ ಕಾಗುಣಿತ ತಿದ್ದುವಾಗ ಆ ಕಾಮೆಂಟಿನ ಕೆಳಗಿರುವ ಕೋಡನ್ನೂ ಓದಿ. ಕಾಮೆಂಟ್ ಹೇಳೋದು ಒಂದು, ಕೋಡ್ ಮಾಡೋದು ಇನ್ನೊಂದು ಅಂತ ಎಷ್ಟೋ ಸಲ ಹೀಗೇ ಗೊತ್ತಾಗೋದು. ಸುಳ್ಳು ಹೇಳುವ ಕಾಮೆಂಟಿಗೆ ಕಾಗುಣಿತ ಸರಿ ಮಾಡಿದರೆ ಸುಳ್ಳು ಇನ್ನಷ್ಟು ನೀಟಾಗಿ ಕಾಣುತ್ತೆ, ಅಷ್ಟೇ.

ಕಳಿಸೋದು ಹೇಗೆ

ಓಪನ್ ಸೋರ್ಸ್‌ಗೆ ಕಾಲಿಡೋಕೆ ಕಾಗುಣಿತ ತಿದ್ದುಪಡಿ ಒಳ್ಳೆ ಮೊದಲ ಮೆಟ್ಟಿಲು. ಫೋರ್ಕ್, ಬ್ರಾಂಚ್, ಕಮಿಟ್, ಪುಲ್ ರಿಕ್ವೆಸ್ಟ್ ಎಲ್ಲವನ್ನೂ ಕೋಡ್ ಮುರಿಯುವ ಭಯ ಇಲ್ಲದೆ ಕಲೀಬಹುದು. ಆದರೆ ಇದರ ದುರುಪಯೋಗವೂ ಆಗಿದೆ. ಅಕ್ಟೋಬರ್ ತಿಂಗಳಲ್ಲಿ ಪುಲ್ ರಿಕ್ವೆಸ್ಟ್ ಕಳಿಸಿದವರಿಗೆ ಟೀ ಶರ್ಟ್ ಕೊಡುತ್ತಿದ್ದ ಹ್ಯಾಕ್ಟೋಬರ್‌ಫೆಸ್ಟ್ ನಿಮಗೆ ಗೊತ್ತಿರಬಹುದು. 2020ರಲ್ಲಿ ಅದಕ್ಕೆ ಬಂದ ಪೊಳ್ಳು ರಿಕ್ವೆಸ್ಟುಗಳ ಪ್ರವಾಹ ನೋಡಿ, ತಿಂಗಳ ಮೊದಲ ದಿನಗಳಲ್ಲೇ ನಿಯಮ ಬದಲಾಯಿಸಬೇಕಾಯ್ತು. ಒಪ್ಪಿಗೆ ಕೊಟ್ಟ ಪ್ರಾಜೆಕ್ಟುಗಳಿಗೆ ಮಾತ್ರ ಲೆಕ್ಕ ಅಂತ ಮಾಡಿದರು. ರೀಡ್‌ಮಿ ಕಡತದಲ್ಲಿ ಸರಿ ಇದ್ದ ವಾಕ್ಯಕ್ಕೆ ಒಂದು 'ಅಮೇಜಿಂಗ್' ಸೇರಿಸಿ ಕಳಿಸಿದ್ದನ್ನೆಲ್ಲ ಯಾರೋ ಒಬ್ಬರು ತಮ್ಮ ಬಿಡುವಿನ ಸಮಯದಲ್ಲಿ ಕೂತು ಮುಚ್ಚಬೇಕಿತ್ತಲ್ಲ.

ಹಾಗಾಗಿ ಕಳಿಸೋ ಮುಂಚೆ ಇಷ್ಟು ನೋಡಿಕೊಳ್ಳಿ. ಪ್ರಾಜೆಕ್ಟಿನ ಕಾಂಟ್ರಿಬ್ಯೂಟಿಂಗ್ ಕಡತ ಓದಿ, ಇಂಥ ತಿದ್ದುಪಡಿ ಬೇಡ ಅಂದಿದ್ದರೆ ಬಿಟ್ಟುಬಿಡಿ. ಒಂದು ಕಡತದಲ್ಲಿ ಐದು ತಪ್ಪಿದ್ದರೆ ಐದನ್ನೂ ಒಟ್ಟಿಗೆ ತಿದ್ದಿ, ಲೆಕ್ಕ ಜಾಸ್ತಿಯಾಗಲಿ ಅಂತ ಐದು ರಿಕ್ವೆಸ್ಟ್ ಮಾಡಬೇಡಿ. ಕಾಗುಣಿತದ ಕಮಿಟಿನಲ್ಲಿ ಕೋಡ್ ಬದಲಾವಣೆ ಬೆರೆಸಬೇಡಿ. ಕಮಿಟ್ ಮೆಸೇಜಿನಲ್ಲಿ ಯಾವ ಕಡತ, ಯಾವ ಪದ, ಕಾಮೆಂಟ್ ಮಾತ್ರ ಬದಲಾಗಿದೆ ಅಂತ ಒಂದೇ ಸಾಲಿನಲ್ಲಿ ಹೇಳಿ. ಅದನ್ನು ಓದಿದವರಿಗೆ ಮೂವತ್ತು ಸೆಕೆಂಡಿನಲ್ಲಿ ಒಪ್ಪಿಕೊಳ್ಳೋ ಹಾಗಿರಬೇಕು. ಇಡೀ ರೆಪೊ ತಿದ್ದಬೇಕಿದ್ದರೆ ಮೊದಲು ಕೇಳಿ. ಯಾಕಂದ್ರೆ ಆಮೇಲೆ ಗಿಟ್ ಬ್ಲೇಮ್ ಮಾಡಿದಾಗ ಆ ಸಾಲುಗಳಿಗೆಲ್ಲ ನಿಮ್ಮ ಹೆಸರೇ ಬರುತ್ತೆ, ಮೊದಲು ಬರೆದವರು ಹಿಂದೆ ಸರಿದುಹೋಗ್ತಾರೆ. ಅಂಥ ದೊಡ್ಡ ಕಮಿಟುಗಳನ್ನು ಬ್ಲೇಮ್ ಮಾಡುವಾಗ ಲೆಕ್ಕಕ್ಕೆ ತಗೊಳ್ಳಬೇಡ ಅಂತ ಹೇಳುವ ಸೌಲಭ್ಯ 2019ರ ಗಿಟ್ 2.23ರಿಂದ ಇದೆ.

ಪದ ತಿದ್ದಿ, ಪದ ಬರೆದವರನ್ನು ಅಲ್ಲ

ಇದು ಪಾಠದ ನಡುವೆ ಹೇಳಲೇಬೇಕಾದ ಮಾತು. ನಮ್ಮ ಕ್ಲಾಸುಗಳಲ್ಲಿ ಕನ್ನಡ ಮೀಡಿಯಂನಿಂದ ಬಂದವರಿದ್ದಾರೆ, ಇಂಗ್ಲಿಷ್ ಮೀಡಿಯಂನಿಂದ ಬಂದವರಿದ್ದಾರೆ, ಮೊದಲ ವರ್ಷ 'ಬಳಕೆ ಕನ್ನಡ' ಓದಿದ ಹೊರರಾಜ್ಯದವರಿದ್ದಾರೆ. ಗ್ರೂಪ್ ಪ್ರಾಜೆಕ್ಟಿನಲ್ಲಿ ಒಬ್ಬರ ಇಂಗ್ಲಿಷ್ ಕಾಮೆಂಟಿನ ಸ್ಕ್ರೀನ್‌ಶಾಟ್ ತೆಗೆದು ವಾಟ್ಸಾಪ್ ಗುಂಪಿಗೆ ಹಾಕಿ ನಗೋದು ತುಂಬ ಸುಲಭ. ಆಮೇಲೆ ಏನಾಗುತ್ತೆ? ಅವರು ಕಾಗುಣಿತ ಕಲಿಯಲ್ಲ, ಕಾಮೆಂಟ್ ಬರೆಯೋದನ್ನೇ ನಿಲ್ಲಿಸ್ತಾರೆ. ಅವರ ತಲೆಯಲ್ಲಿದ್ದ ಲಾಜಿಕ್ ಅಲ್ಲೇ ಉಳಿಯುತ್ತೆ. ಸಬ್ಮಿಷನ್ ಹಿಂದಿನ ರಾತ್ರಿ ಆ ಫಂಕ್ಷನ್ ಯಾಕೆ ಹಾಗಿದೆ ಅಂತ ನಾವೇ ಒದ್ದಾಡ್ತೀವಿ.

ತಪ್ಪು ಕಾಗುಣಿತದ ಕಾಮೆಂಟನ್ನು ಎರಡು ನಿಮಿಷದಲ್ಲಿ ತಿದ್ದಬಹುದು. ಬರೆಯದೇ ಬಿಟ್ಟ ಕಾಮೆಂಟನ್ನು ಯಾರೂ ತಿದ್ದೋಕಾಗಲ್ಲ. ಆದ್ದರಿಂದ ನಮ್ಮ ಟೀಮುಗಳಲ್ಲಿ ಒಂದು ಒಪ್ಪಂದ ಇರಲಿ: ತಪ್ಪು ಕಂಡವರು ಸದ್ದಿಲ್ಲದೆ ತಿದ್ದಿ ಕಮಿಟ್ ಮಾಡಬೇಕು, ಬರೆದವರಿಗೆ ಬೇಕಿದ್ದರೆ ಪಕ್ಕದಲ್ಲಿ ಕೂತು ಹೇಳಬೇಕು. ಎಚ್‌ಟಿಟಿಪಿ ಬರೆದವರಿಗೂ ಯೂನಿಕೋಡ್ ಮಾಡಿದವರಿಗೂ ಅಕ್ಷರ ತಪ್ಪಿದೆ ಅಂದಮೇಲೆ, ನಗೋರಿಗೆ ಅಷ್ಟು ಜಂಬ ಬೇಡ.

ಕನ್ನಡದಲ್ಲಿ ಕಾಮೆಂಟ್ ಬರೆಯುವಾಗ

ಕನ್ನಡದಲ್ಲಿ ಕಾಮೆಂಟ್ ಬರೆಯೋಕೆ ಇವತ್ತು ಯಾವ ಅಡ್ಡಿಯೂ ಇಲ್ಲ. ಪೈಥಾನ್ 3 ಸೋರ್ಸ್ ಕಡತವನ್ನು ಯುಟಿಎಫ್-8 ಅಂತಲೇ ಓದುತ್ತೆ. ಮಿನಿ ಪ್ರಾಜೆಕ್ಟ್ ಕೋಡಿನಲ್ಲಿ ಲಾಜಿಕ್ ವಿವರಿಸೋಕೆ ಮನಸ್ಸಿನ ಭಾಷೆಗಿಂತ ಸುಲಭದ್ದು ಯಾವುದಿದೆ? ಆದರೆ ಇಲ್ಲಿ ನಾಲ್ಕು ಗುಂಡಿಗಳಿವೆ.

ಒಂದು, ಅಲ್ಪಪ್ರಾಣ ಮತ್ತು ಮಹಾಪ್ರಾಣ. ವಿದ್ಯಾರ್ಥಿ ಸರಿ, 'ವಿಧ್ಯಾರ್ಥಿ' ತಪ್ಪು. ಸಂಖ್ಯೆ ಸರಿ, 'ಸಂಕ್ಯೆ' ತಪ್ಪು. ಅಭಿವೃದ್ಧಿ ಸರಿ, 'ಅಭಿವೃದ್ದಿ' ತಪ್ಪು. ಬಾಯಲ್ಲಿ ವ್ಯತ್ಯಾಸ ಕೇಳಿಸದ ಕಾರಣ ಬರಹದಲ್ಲಿ ನೆನಪಿನಿಂದಲೇ ಹಿಡೀಬೇಕು.

ಎರಡು, ಅಕಾರ ಮತ್ತು ಹಕಾರ. 'ಕಡತದ ಆದಿ' ಅಂದರೆ ಫೈಲಿನ ಶುರು. 'ಕಡತದ ಹಾದಿ' ಅಂದರೆ ಫೈಲಿನ ಪಾತ್. ಎರಡೂ ಒಳ್ಳೆ ಕನ್ನಡ ಪದಗಳೇ, ಪ್ರೋಗ್ರಾಂನಲ್ಲಿ ಎರಡಕ್ಕೂ ಕೆಲಸ ಇದೆ. ಇಲ್ಲಿ 'ಹ' ತಪ್ಪಿದರೆ ಯಾವ ಪಟ್ಟಿಯೂ ಕಾಪಾಡಲ್ಲ.

ಮೂರು, ಒಂದೇ ಥರ ಕಾಣುವ ಬೇರೆ ಅಕ್ಷರಗಳು. ಅನುಸ್ವಾರದ ಸೊನ್ನೆಯ ಯೂನಿಕೋಡ್ ಸಂಖ್ಯೆ 3202. ಕನ್ನಡ ಅಂಕಿ ಸೊನ್ನೆಯ ಸಂಖ್ಯೆ 3302. 'ಸಂಖ್ಯೆ' ಪದದಲ್ಲಿ ಅನುಸ್ವಾರದ ಬದಲು ಅಂಕಿ ಕೂತರೆ ಕಣ್ಣಿಗೆ ಹೆಚ್ಚು ಕಮ್ಮಿ ಒಂದೇ, ಹುಡುಕಾಟಕ್ಕೆ ಸಂಪೂರ್ಣ ಬೇರೆ. ಹಾಗೆಯೇ 'ಕೇ' ಅನ್ನುವುದನ್ನು ದೀರ್ಘದ ಒಂದೇ ಚಿಹ್ನೆಯಿಂದಲೂ ಬರೀಬಹುದು, ಎತ್ವ ಮತ್ತು ದೀರ್ಘಚಿಹ್ನೆ ಎರಡನ್ನು ಜೋಡಿಸಿಯೂ ಬರೀಬಹುದು. ಹೋಲಿಸುವ ಮುಂಚೆ ಎರಡನ್ನೂ ಎನ್‌ಎಫ್‌ಸಿ ರೂಪಕ್ಕೆ ತರಬೇಕು.

ನಾಲ್ಕು, ಕಣ್ಣಿಗೇ ಕಾಣದ ಅಕ್ಷರ. 'ಸಾಫ್ಟ್‌ವೇರ್' ಅಂತ ಬರೆದಾಗ 'ವ' ಒತ್ತಾಗದೆ ಬಿಡಿಯಾಗಿ ನಿಂತಿರೋದಕ್ಕೆ ನಡುವೆ ಒಂದು ಅದೃಶ್ಯ ಅಕ್ಷರ ಇದೆ, ಅದರ ಹೆಸರು ಝೀರೋ ವಿಡ್ತ್ ನಾನ್ ಜಾಯ್ನರ್. ಅದಿಲ್ಲದೆ ಬರೆದರೆ 'ಸಾಫ್ಟ್ವೇರ್'. ಒಂದೇ ಕಡತದಲ್ಲಿ ಎರಡೂ ರೂಪ ಇದ್ದರೆ ಒಂದನ್ನು ಹುಡುಕಿದಾಗ ಇನ್ನೊಂದು ಸಿಗಲ್ಲ. ಯಾವುದಾದರೂ ಒಂದನ್ನು ಆರಿಸಿ ಪ್ರಾಜೆಕ್ಟಿನ ಉದ್ದಕ್ಕೂ ಅದನ್ನೇ ಬಳಸಿ.

ಇಷ್ಟಾದ ಮೇಲೆ ಕನ್ನಡಕ್ಕೂ ಒಂದು ಕೋಡ್‌ಸ್ಪೆಲ್ ಮಾಡೋಣ ಅನಿಸುತ್ತೆ ಅಲ್ವಾ? ಅಲ್ಲೊಂದು ತಮಾಷೆ ಕಾದಿದೆ. ಪೈಥಾನಿನ ಮಾಮೂಲಿ ರೆಗ್ಯುಲರ್ ಎಕ್ಸ್‌ಪ್ರೆಷನ್ನಿನಲ್ಲಿ 'ಪದದ ಅಕ್ಷರ' ಅನ್ನುವ ಗುರುತು ಕನ್ನಡದ ಗುಣಿತ ಚಿಹ್ನೆಗಳನ್ನೂ ಅರ್ಧಾಕ್ಷರದ ಚಿಹ್ನೆಯನ್ನೂ ಅಕ್ಷರ ಅಂತ ಒಪ್ಪಲ್ಲ. 'ವಿದ್ಯಾರ್ಥಿ' ಅನ್ನೋ ಒಂದು ಪದ ಕೊಟ್ಟರೆ ವ, ದ, ಯ, ರ, ಥ ಅಂತ ಐದು ಚೂರು ಮಾಡಿ ಕೈಗೆ ಕೊಡುತ್ತೆ. ಗುಣಿತವನ್ನೇ ಎಸೆದ ಮೇಲೆ ಕಾಗುಣಿತ ತಿದ್ದೋದು ಹೇಗೆ? ಹಾಗಾಗಿ ಆ ದಾರಿ ಬಿಟ್ಟು, ಖಾಲಿ ಜಾಗ ಮತ್ತು ವಿರಾಮಚಿಹ್ನೆಗಳಲ್ಲಿ ವಾಕ್ಯವನ್ನು ಒಡೆದು, ಸಿಕ್ಕ ಪದವನ್ನು ಪಟ್ಟಿಯಲ್ಲಿ ಹುಡುಕಬೇಕು. ಡಿಕ್ಷನರಿ ಗೊತ್ತಿದ್ದರೆ ಇಪ್ಪತ್ತು ಸಾಲಿನ ಪ್ರೋಗ್ರಾಂ. ವಿಭಕ್ತಿ ಪ್ರತ್ಯಯ ಸೇರಿದ ರೂಪಗಳಿಗೆ ('ವಿದ್ಯಾರ್ಥಿಗಳಿಗೆ', 'ವಿದ್ಯಾರ್ಥಿಯಿಂದ') ಪದದ ಮೊದಲ ಭಾಗ ಮಾತ್ರ ಹೋಲಿಸಿದರೆ ಸದ್ಯಕ್ಕೆ ಸಾಕು.

ಈ ವಾರದ ಅಭ್ಯಾಸ

ಒಂದು, ನಿಮ್ಮ ಕಳೆದ ಸೆಮಿಸ್ಟರಿನ ಯಾವುದಾದರೂ ಪ್ರಾಜೆಕ್ಟಿನ ಮೇಲೆ ಕೋಡ್‌ಸ್ಪೆಲ್ ಓಡಿಸಿ. ಸಿಕ್ಕ ತಪ್ಪುಗಳನ್ನು ಮೇಲಿನ ಆರು ಗುಂಪುಗಳಾಗಿ ವಿಂಗಡಿಸಿ, ತಿದ್ದಬಹುದಾದವನ್ನು ಮಾತ್ರ ತಿದ್ದಿ, ಒಂದೇ ಕಮಿಟ್ ಮಾಡಿ.

ಎರಡು, ಪೈಥಾನಿನಲ್ಲಿ 3202, 3302 ಮತ್ತು 3294ನೇ ಅಕ್ಷರಗಳ ಹೆಸರು ಕೇಳಿ ನೋಡಿ.

ಮೂರು, ನಮ್ಮ ಕಾಲೇಜಿನ ನೋಟಿಸು, ಪೋಸ್ಟರು, ಕೋಡು, ಎಲ್ಲಿ ಕನ್ನಡ ಕಂಡರೂ ಪದೇ ಪದೇ ಬರುವ ತಪ್ಪುಗಳನ್ನು ಬರೆದುಕೊಳ್ಳಿ. ಎಡಗಡೆ ತಪ್ಪು ರೂಪ, ಎರಡು ಪೈಪ್ ಚಿಹ್ನೆ, ಬಲಗಡೆ ಸರಿ ರೂಪ. ಯಾರು ಬರೆದಿದ್ದು ಅನ್ನೋದು ಬೇಡ, ಪದ ಮಾತ್ರ ಸಾಕು. ಕನ್ನಡ ಕ್ಲಬ್ಬಿಗೆ ಕಳಿಸಿದರೆ ಎಲ್ಲರದ್ದನ್ನೂ ಸೇರಿಸಿ ಒಂದೇ ಕಡತ ಮಾಡ್ತೀವಿ. ಆ ಪಟ್ಟಿಯ ಮೊದಲ ಸಾಲು ಈಗಾಗಲೇ ತುಂಬಿದೆ: ಸುಬ್ರಮಣ್ಯಪುರ, ಎರಡು ಪೈಪ್, ಸುಬ್ರಹ್ಮಣ್ಯಪುರ. ಎರಡನೇ ಸಾಲು ನಿಮ್ಮದು.